ಹಾಲೊಲ್ಲದ ಮರಿ

ಕುರಿಗೆ ಸಂಸ್ಕೃತದಲ್ಲಿ ಏನೇನು ಹೆಸರುಗಳುಂಟೆಂದು ನಡುರಾತ್ರಿಯಲ್ಲಿ ಎಬ್ಬಿಸಿ ಕೇಳಿದರೂ ನಾನು ಹೇಳಬಲ್ಲೆನು. ಮೇಷ, ಏಡಕ, ಉರಭ್ರ, ಉರಣ, ಊರ್ಣಾಯು, ವೃಷ್ಣಿ ಮೊದಲಾದ ಹೆಸರುಗಳನ್ನು ಅಮರಸಿಂಹನು ಒಂದೇ ಉಸಿರಿನಲ್ಲಿ ಪೋಣಿಸಿಟ್ಟಿದ್ದಾನೆ. ಮೂವತ್ತಮೂರು ವರ್ಷಗಳ ಕಾಲ ಅವನ್ನು ಹುಡುಗರಿಂದ ಬಾಯಿಪಾಠ ಮಾಡಿಸಿದವನು ನಾನು. ಅವರು ಬೆನ್ನ ಹಿಂದೆ ನನ್ನನ್ನು ‘ಮೇಷ ಮೇಷ್ಟ್ರು’ ಎಂದು ಕರೆಯುತ್ತಿದ್ದುದೂ ನನಗೆ ತಿಳಿಯದ ಸಂಗತಿಯಲ್ಲ. ಇಷ್ಟಾದರೂ, ಈಗತಾನೆ ಹುಟ್ಟಿದ ಕುರಿಮರಿಗೆ ಹಾಲು ಹಾಕುವ ಮುನ್ನ ಅದರ ಬಾಯಲ್ಲಿ ಬೆರಳಿಟ್ಟು ನೋಡಬೇಕೆಂಬುದು ಅರುವತ್ತು ತುಂಬುವವರೆಗೂ ನನಗೆ ಗೊತ್ತಿರಲಿಲ್ಲ. ಆ ಅಜ್ಞಾನಕ್ಕೆ ಒಂದು ಜೀವ ಹೋಯಿತು. ಅದನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತೇನೆ.

2024ನೆಯ ಇಸವಿಯಲ್ಲಿ ನಿವೃತ್ತನಾಗಿ, ಚಳ್ಳಕೆರೆ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಹಳ್ಳಿಗೆ ಬಂದು ನೆಲಸಿದೆನು. ಎರಡೆಕರೆ ಹೊಲ, ಒಂದು ಹಳೆಯ ಮನೆ, ನಾವಿಬ್ಬರು ಮುದುಕರು, ಇಷ್ಟೇ ಸಂಸಾರ. ಆ ವರ್ಷದ ಮಾರ್ಗಶಿರದಲ್ಲಿ ಕಡಲೆಕಾಯಿ ಕಿತ್ತು ಹೊಲ ಬಿಡುವಾಗಿತ್ತು. ಗೊಬ್ಬರಕ್ಕಾಗಿ ಕುರಿಯ ಮಂದೆಯೊಂದನ್ನು ನಿಲ್ಲಿಸಿದೆನು. ನಮ್ಮ ಕಡೆ ಇದು ರೂಢಿ. ಕುರಿಗಾಹಿಗಳು ಹಗಲು ಮೇಯಿಸಿಕೊಂಡು ಬಂದು ರಾತ್ರಿ ಹೊಲದಲ್ಲಿ ಮಂದೆಯನ್ನು ತಂಗಿಸುವರು. ಹಿಕ್ಕೆಯೂ ಗಂಜಲವೂ ನೆಲಕ್ಕೆ ಸೇರುವುವು. ಹೊಲದವನು ಅವರಿಗೆ ಕಾಳನ್ನೂ ಹಣವನ್ನೂ ಕೊಡುವನು. ಈ ವ್ಯವಹಾರದಲ್ಲಿ ಯಾರಿಗೂ ನಷ್ಟವಿಲ್ಲ. ಮೂಟೆಯಲ್ಲಿ ಬರುವ ಗೊಬ್ಬರದ ವಿಷಯದಲ್ಲಿ ಹೀಗೆ ಹೇಳಲು ನನಗೆ ಧೈರ್ಯವಿಲ್ಲ.

ಮೂರನೆಯ ದಿನ ಸಂಜೆ ಮಂದೆ ಇನ್ನೂ ಹಿಂದಿರುಗಿರಲಿಲ್ಲ. ದಿನ ತುಂಬಿದ ಒಂದು ಬಡಕಲು ಕುರಿಯನ್ನು ಹೊಲದಲ್ಲಿಯೇ ಬಿಟ್ಟು, ಕಾವಲಿಗೆ ಒಬ್ಬ ಹುಡುಗನನ್ನು ಇರಿಸಿ ಹೋಗಿದ್ದರು. ಗಾಳಿ ಬೀಸುತ್ತಿತ್ತು, ಜೊತೆಗೆ ತುಂತುರು. ನಾನು ಹೋಗಿ ನೋಡುವಾಗ ಆ ಕುರಿ ಎರಡು ಮರಿಗಳನ್ನು ಈದು ನಿಂತಿತ್ತು. ನಮ್ಮ ಸೀಮೆಯ ಕುರಿಗಳು ಸಾಮಾನ್ಯವಾಗಿ ಒಂದೇ ಮರಿಯನ್ನು ಹಾಕುವುವು, ಅವಳಿ ಅಪೂರ್ವ. ಎರಡೂ ಮರಿಗಳು ನೆನೆದು, ಕಾಲು ಮಡಿಸಿಕೊಂಡು ಮಣ್ಣಿನಲ್ಲಿ ಬಿದ್ದಿದ್ದುವು. ತಾಯಿ ಒಂದನ್ನು ನೆಕ್ಕುತ್ತಿತ್ತು. ನನಗೆ ಕನಿಕರವುಂಟಾಯಿತು. ಹುಡುಗನು “ಬ್ಯಾಡ ಮೇಷ್ಟ್ರೇ, ಅಜ್ಜಿ ಬರ್ಲಿ” ಎಂದನು. ಹುಡುಗರ ಮಾತನ್ನು ಕೇಳಿ ನನಗೆ ಅಭ್ಯಾಸವಿಲ್ಲ. ಎರಡನ್ನೂ ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ತಂದು, ಒರಟು ಬಟ್ಟೆಯಿಂದ ಚೆನ್ನಾಗಿ ಒರಸಿ, ಹಸುವಿನ ಹಾಲನ್ನು ಬಿಸಿಮಾಡಿಸಿದೆನು.

ಚಿಕ್ಕ ಮರಿಯ ಬಾಯಿಗೆ ಮೊದಲು ಚಮಚದಿಂದ ಹಾಲು ಹಾಕಿದೆನು. ಅದು ನುಂಗಲಿಲ್ಲ, ಹಾಲು ಕಟವಾಯಿಯಿಂದ ಸುರಿದುಹೋಯಿತು. ಇದು ಹಟವೆಂದು ತಿಳಿದೆನು. ಪಾಠವನ್ನು ಒಪ್ಪಿಸದ ಹುಡುಗನೆದುರು ಕುಳಿತಂತೆ ಕುಳಿತು, ಅದರ ತಲೆಯನ್ನು ಮೇಲಕ್ಕೆತ್ತಿ, ದವಡೆಯನ್ನು ಬಿಡಿಸಿ, ಮತ್ತೆ ಹುಯ್ದೆನು. ನಾಲ್ಕನೆಯ ಚಮಚಕ್ಕೆ ಅದು ಕೆಮ್ಮಿತು. ಮೂಗಿನಲ್ಲಿ ಹಾಲಿನ ನೊರೆ ಬಂದಿತು. ಅರ್ಧ ಗಂಟೆಯೊಳಗೆ, ನನ್ನ ಮಂಡಿಯ ಮೇಲೆಯೇ, ಅದರ ಉಸಿರು ನಿಂತಿತು.

ಅಷ್ಟರಲ್ಲಿ ಅಜ್ಜಿ ಬಂದಳು. ಮಂದೆಯ ಯಜಮಾನನ ತಾಯಿ, ಎಪ್ಪತ್ತರ ಆಚೆಯವಳು. ಸತ್ತ ಮರಿಯನ್ನು ನೋಡಿದಳು, ಹಾಲಿನ ಬಟ್ಟಲನ್ನು ನೋಡಿದಳು. “ಸೀತ ಆದ ಮರೀಗೆ ಹಾಲು ಹುಯ್ದ್ರಾ ಮೇಷ್ಟ್ರೇ?” ಎಂದು ಮಾತ್ರ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಆಮೇಲೆ ಉಳಿದ ಮರಿಯ ಬಾಯೊಳಗೆ ತನ್ನ ಬೆರಳನ್ನಿಟ್ಟಳು. “ಬಾಯಿ ತಣ್ಣಗೈತೆ. ಚೀಪಕ್ಕಿಲ್ಲ. ಮೊದ್ಲು ಮೈ ಬೆಚ್ಚಗಾಗ್ಲಿ, ಹೊಟ್ಟೆ ಆಮ್ಯಾಕೆ.”

ಬಚ್ಚಲ ಒಲೆಗೆ ಉರಿ ಹಾಕಿದೆವು. ಅಜ್ಜಿ ಮರಿಯನ್ನು ತನ್ನ ಕಂಬಳಿಯೊಳಗೆ ಸೇರಿಸಿಕೊಂಡು ಒಲೆಯ ಹತ್ತಿರ, ಆದರೆ ಝಳ ನೇರವಾಗಿ ತಾಕದಷ್ಟು ದೂರದಲ್ಲಿ, ಕುಳಿತಳು. ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಎರಡು ಶೀಸೆಗಳನ್ನು ಅದರ ಪಕ್ಕೆಗಳಿಗೆ ಒತ್ತರಿಸಿದಳು. ನಾನು ಆ ಹೊತ್ತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆನು, ಅವನೀಗ ಪಶುವೈದ್ಯ. ಅಜ್ಜಿ ನಾಲ್ಕು ಮಾತಿನಲ್ಲಿ ಮುಗಿಸಿದುದನ್ನು ಅವನು ಶಾಸ್ತ್ರೀಯವಾಗಿ ವಿವರಿಸಿದನು. ನಮಗೆ ಜ್ವರವೆನಿಸುವ 102 ಡಿಗ್ರಿ ಕುರಿಮರಿಗೆ ಆರೋಗ್ಯದ ಶಾಖ. ಅದು 99ಕ್ಕಿಂತ ಕೆಳಗಿಳಿದರೆ ಅಪಾಯ. ತಣ್ಣಗಾದ ಮರಿಗೆ ಚೀಪುವ ಶಕ್ತಿಯೂ ನುಂಗುವ ಶಕ್ತಿಯೂ ಉಡುಗಿಹೋಗಿರುವುದು. ಹುಯ್ದ ಹಾಲು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುವುದು. ಆದಕಾರಣ ಅದು ಹಾಲನ್ನು ಒಲ್ಲೆನೆನ್ನುವುದಲ್ಲ, ಕೊಳ್ಳಲಾರದು. ಹುಟ್ಟಿ ಐದು ಗಂಟೆಗಳು ಕಳೆದ ಮರಿಯಾಗಿದ್ದರೆ ಮೈಯೊಳಗಿನ ಕೊಬ್ಬೂ ಸಕ್ಕರೆಯೂ ತೀರಿಹೋಗಿರುವುದರಿಂದ ಬರಿಯ ಕಾವೂ ಕೇಡು ಮಾಡೀತು. ಮೊದಲು ವೈದ್ಯನು ಸೂಜಿಯ ಮೂಲಕ ಸಕ್ಕರೆಯ ದ್ರವವನ್ನು ಕೊಡಬೇಕಾಗುವುದು. ನಮ್ಮದು ಇನ್ನೂ ಎರಡು ಗಂಟೆಯ ಕೂಸು, ಪುಣ್ಯ.

“ಸಾರ್, ಹಸುವಿನ ಹಾಲು ಬೇಡ. ತಾಯಿಯ ಗಿಣ್ಣು ಕರೆದು ಕೊಡಿ” ಎಂದು ಅವನು ಒತ್ತಿ ಹೇಳಿದನು. ಕುರಿಮರಿಗೆ ಗರ್ಭದಲ್ಲಿರುವಾಗ ತಾಯಿಯಿಂದ ರೋಗನಿರೋಧಕ ಶಕ್ತಿ ಬಾರದಂತೆ. ಅದೆಲ್ಲ ಬರುವುದು ಗಿಣ್ಣಿನಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಕಿರಿದಾಗುತ್ತ ಬಂದು ಒಂದು ದಿನದೊಳಗೆ ಮುಚ್ಚಿಹೋಗುವುದಂತೆ. ಮರಿಯ ತೂಕದ ಒಂದೊಂದು ಕಿಲೋಗ್ರಾಮಿಗೆ ಒಂದು ಸಲಕ್ಕೆ 50 ಮಿಲಿಲೀಟರ್, ಮೊದಲ ದಿನದಲ್ಲಿ ಒಟ್ಟು 200. ನಮ್ಮ ಮರಿ ಒಂದೂವರೆ ಕಿಲೋ ತೂಗಿತು. ಗಂಟಲಿಗೆ ನಳಿಕೆ ಇಳಿಸಿ ಕುಡಿಸುವ ಕ್ರಮವೂ ಉಂಟು, ಆದರೆ ಕೈಪಳಗದವರು ಅದನ್ನು ಮಾಡಬಾರದೆಂದನು. ಯಾರನ್ನು ಕುರಿತು ಹೇಳಿದನೆಂದು ನಾನು ಕೇಳಲಿಲ್ಲ.

ಗಿಣ್ಣಿಗೆ ಸಂಸ್ಕೃತದಲ್ಲಿ ಪೀಯೂಷವೆಂದು ಹೆಸರು. ಅಮರಕೋಶದಲ್ಲಿ ಈ ಪದ ಎರಡು ಕಡೆ ಬರುತ್ತದೆ. ಸ್ವರ್ಗವರ್ಗದಲ್ಲಿ ಅಮೃತಕ್ಕೆ, ವೈಶ್ಯವರ್ಗದಲ್ಲಿ ಈದ ಹೊಸದರ ಹಾಲಿಗೆ. ಒಂದು ಶಬ್ದಕ್ಕೆ ಎರಡು ಅರ್ಥವೆಂದು ಪಾಠ ಹೇಳಿ ಮುಂದಿನ ಶ್ಲೋಕಕ್ಕೆ ಹೋಗಿಬಿಡುತ್ತಿದ್ದೆನು. ಅವೆರಡೂ ಒಂದೇ ಅರ್ಥವಾಗಿರಬಹುದೆಂದು ಬಚ್ಚಲ ಒಲೆಯ ಮುಂದೆ ಕುಳಿತಾಗ ಹೊಳೆಯಿತು.

ಮುಕ್ಕಾಲು ಗಂಟೆಯಾದ ಮೇಲೆ ಮರಿ ತಲೆಯೆತ್ತಿತು. ಅಜ್ಜಿ ಮತ್ತೆ ಬೆರಳಿಟ್ಟು ನೋಡಿ, “ಚೀಪ್ತೈತೆ” ಎಂದಳು. ಹುಡುಗನು ಕುರಿಯನ್ನು ಹಿತ್ತಲಿಗೆ ಎಳೆದು ತಂದನು. ಅಜ್ಜಿ ತೊಟ್ಟಿನ ಬಾಯಿಗೆ ಕಟ್ಟಿದ್ದ ಮೇಣದಂಥ ಬಿರಡೆಯನ್ನು ಮೊದಲು ಹಿಂಡಿ ತೆಗೆದಳು. ಬಲವಿಲ್ಲದ ಮರಿ ತಾನಾಗಿ ಇದನ್ನು ಬಿಡಿಸಲಾರದು. ಹಳದಿಯ ಗಿಣ್ಣು ಜೇನಿನಂತೆ ಮಂದವಾಗಿ ಬಟ್ಟಲಿಗೆ ಬಿದ್ದಿತು. ಒಲೆಯ ಮೇಲಿಟ್ಟರೆ ಒಡೆದು ಗಟ್ಟಿಯಾಗುವುದರಿಂದ ಬಟ್ಟಲನ್ನು ಬಿಸಿನೀರಿನಲ್ಲಿ ಇರಿಸಿದೆವು. ಕುಡಿಸಲು ಒಂದು ಒಳಲೆ ಸಿಕ್ಕಿದರೆ ಚೆನ್ನೆಂದು ಅಜ್ಜಿ ಹೇಳಿದಳು. ನಮ್ಮ ಮನೆಯಲ್ಲಿ ಒಳಲೆ ಇಲ್ಲವೆಂದು ನಾನು ಹೇಳುವಷ್ಟರಲ್ಲಿ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಬೀಗ ತೆಗೆದ ಸದ್ದು ಕೇಳಿಸಿತು.

ಅದು ಬೆಳ್ಳಿಯ ಒಳಲೆ, ಕಪ್ಪಾಗಿಹೋಗಿತ್ತು. 1992ರಲ್ಲಿ ನಮ್ಮ ಚೊಚ್ಚಲು ಕೂಸು ಎಂಟನೆಯ ತಿಂಗಳಿಗೇ ಹುಟ್ಟಿದಾಗ ಅವಳ ತವರಿನವರು ಕೊಟ್ಟುದು. ಕೂಸು ಮೊಲೆ ಹಿಡಿಯಲಿಲ್ಲ. ಮೊದಲ ಹಾಲು ಕೆಟ್ಟದ್ದೆಂದು ಹಿರಿಯರು ಹಿಂಡಿ ಚೆಲ್ಲಿಸಿದರು. ಮೂರು ದಿನ ಈ ಒಳಲೆಯಲ್ಲಿ ಸಕ್ಕರೆಯ ನೀರನ್ನು ಹಾಕಿದರು. ಆಗ ಬಹಳ ಮನೆಗಳಲ್ಲಿ ಹಾಗೆಯೇ ಇತ್ತು. ಕೆಲವೆಡೆ ಈಗಲೂ ಇದೆ. ಮಗು ಹುಟ್ಟಿದ ಮೊದಲ ಗಂಟೆಯಲ್ಲಿಯೇ ತಾಯಿಯ ಹಾಲನ್ನು ಕೊಡಬೇಕೆಂದು ಇಂದಿನ ವೈದ್ಯರು ಹೇಳುವರು. ಪೀಯೂಷವೆಂಬ ಶಬ್ದ ಬಲ್ಲವನು ಆ ಮನೆಯಲ್ಲಿ ನಾನೊಬ್ಬನೇ. ನಾನು ನಡುಮನೆಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆನು. ಹನ್ನೊಂದನೆಯ ದಿನ ಕೂಸು ತೀರಿಕೊಂಡಿತು. ಚೆಲ್ಲಿದ ಹಾಲೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆನು. ತಿಂಗಳು ತುಂಬದ ಕೂಸು. ಕಾರಣವಲ್ಲವೆಂದೂ ಹೇಳಲಾರೆನು. ಒಳಲೆ ಇನ್ನೂ ಮನೆಯಲ್ಲಿದೆಯೆಂದೇ ನನಗೆ ತಿಳಿದಿರಲಿಲ್ಲ.

ಅವಳು ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು ತಂದಳು. ಅಜ್ಜಿಯ ಕೈಗೆ ಕೊಡದೆ ತಾನೇ ಮರಿಯನ್ನು ತೊಡೆಯ ಮೇಲಿಟ್ಟುಕೊಂಡಳು. ತಲೆಯನ್ನು ಎತ್ತದೆ, ತಾಯಿಯ ಕೆಚ್ಚಲ ಕೆಳಗೆ ಹೇಗೆ ಚಾಚುವುದೋ ಹಾಗೆಯೇ ಬಿಟ್ಟು, ಕಟವಾಯಿಯಲ್ಲಿ ಒಳಲೆಯ ಮೂತಿಯಿಟ್ಟು, ಒಂದು ತೊಟ್ಟು, ಅದು ನುಂಗಿದ ಮೇಲೆ ಇನ್ನೊಂದು ತೊಟ್ಟು. ಬಟ್ಟಲು ಬರಿದಾಗಲು ಒಂದು ಗಂಟೆಗೂ ಮಿಗಿಲಾಗಿ ಹಿಡಿಯಿತು. ನಾನು ದೀಪ ಹಿಡಿದುಕೊಂಡಿದ್ದೆನು. ನಾವಿಬ್ಬರೂ ಮಾತಾಡಲಿಲ್ಲ.

ಬೆಳಿಗ್ಗೆ ಮತ್ತೊಂದು ತೊಡಕು. ಮರಿ ನಿಂತಿತು, ಆದರೆ ತಾಯಿ ಅದನ್ನು ಹತ್ತಿರ ಸೇರಿಸದೆ ಹಣೆಯಿಂದ ಗುದ್ದಿತು. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ. ಆ ವಾಸನೆಯನ್ನೇ ನಾನು ಶುಚಿತ್ವದ ಹೆಸರಿನಲ್ಲಿ ಒರಸಿಹಾಕಿದ್ದೆನು. ರಾತ್ರಿ ಬಿದ್ದಿದ್ದ ಕಸವನ್ನು ಅಜ್ಜಿ ನಾಯಿಗಳಿಗೆ ಸಿಕ್ಕದಂತೆ ಒಂದು ಮಡಕೆಯಲ್ಲಿ ಮುಚ್ಚಿಟ್ಟಿದ್ದಳು. ಇದಕ್ಕಾಗಿಯೇ ಇರಬೇಕು. ಅದನ್ನು ಮರಿಯ ತಲೆಗೂ ಬೆನ್ನಿಗೂ ಸವರಿ, ಕುರಿಯನ್ನು ಮೂಲೆಯಲ್ಲಿ ಕಟ್ಟಿ, ಮರಿಯನ್ನು ಮುಂದಿಟ್ಟಳು. ಕುರಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಮಧ್ಯಾಹ್ನದ ಹೊತ್ತಿಗೆ ಗಂಟಲೊಳಗೆ ಸಣ್ಣಗೆ ಸದ್ದುಮಾಡುತ್ತ ನೆಕ್ಕತೊಡಗಿತು. ಮರಿಯ ಬಾಲ ಅಲ್ಲಾಡಿದುದನ್ನು ನೋಡಿ ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚಿದಳು. ಹಾಲು ಇಳಿಯುತ್ತಿದೆಯೆಂಬುದಕ್ಕೆ ಅದೇ ಗುರುತಂತೆ.

ಇನ್ನು ನಾಲ್ಕು ದಿನಗಳಲ್ಲಿ ಮಂದೆ ಹಿರಿಯೂರಿನ ಕಡೆಗೆ ಹೊರಟಿತು. ಸತ್ತ ಮರಿಯ ಬೆಲೆಯನ್ನು ಕೊಡಲು ಹೋದರೆ ಯಜಮಾನನು ತೆಗೆದುಕೊಳ್ಳಲಿಲ್ಲ. ನನ್ನ ಹೆಂಡತಿ ಒಳಲೆಯನ್ನು ಅಜ್ಜಿಯ ಮುಂದೆ ಹಿಡಿದಳು. “ಬೆಳ್ಳಿ ನಮಗ್ಯಾಕವ್ವಾ, ದಾರಿ ಮ್ಯಾಲೆ ಎಲ್ಲೋ ಬಿದ್ದುಹೋಗ್ತೈತೆ. ಒಂದು ಹಳೇ ಸೀರೆ ಇದ್ರೆ ಕೊಡು, ಮರಿ ಕಟ್ಕೊಂಡು ನಡಿಯಕ್ಕೆ” ಎಂದಳು. ಅವಳು ಹತ್ತಿಯ ಸೀರೆಯೊಂದನ್ನು ಕೊಟ್ಟಳು. ಜೋಳಿಗೆಯಲ್ಲಿ ಮರಿ, ಹಿಂದೆಯೇ ಅದರ ತಾಯಿ. ಹೊಲದ ಬದು ದಾಟುವವರೆಗೆ ನಾವಿಬ್ಬರೂ ನಿಂತು ನೋಡಿದೆವು.

ಒಳಲೆ ಮತ್ತೆ ಪೆಟ್ಟಿಗೆಗೆ ಹೋಗಲಿಲ್ಲ. ಅಡಿಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿದೆ.