ದಿಮ್ಮಿಯ ಬಳಿಗೆ ಬಂದ ಗರಗಸ

ನ್ಯೂಜೀಲೆಂಡ್ ದೇಶದ ಉತ್ತರ ದ್ವೀಪದಲ್ಲಿ ರೋಟೊರುವಾ ಎಂಬುದೊಂದು ಊರುಂಟು. ಊರು ಕಣ್ಣಿಗೆ ಕಾಣಿಸುವ ಮೊದಲೇ ಅದರ ವಾಸನೆಯು ಮೂಗಿಗೆ ತಾಕುವುದೆಂದರೆ ಅತಿಶಯೋಕ್ತಿಯಾಗಲಾರದು. ನೆಲದ ಬಿರುಕುಗಳಿಂದ ಹಗಲಿರುಳೂ ಹಬೆಯೇಳುತ್ತಿರುವುದು. ಗಂಧಕದ ನಾತವು ಬೀದಿಬೀದಿಯಲ್ಲಿಯೂ ತುಂಬಿರುವುದು. ಊರ ಪಕ್ಕದ ಕೊಳ್ಳದಲ್ಲಿ ಪೊಹುಟು ಎಂಬ ಬಿಸಿನೀರಿನ ಬುಗ್ಗೆಯು ದಿನಕ್ಕೆ ಹಲವು ಸಲ ಆಕಾಶದ ಕಡೆಗೆ ಚಿಮ್ಮುವುದು. ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರೋಣವೆಂದು ಆ ದೇಶಕ್ಕೆ ಹೋಗಿದ್ದಾಗ, ನಾನೂ ನನ್ನ ಮನೆಯವರೂ ಎಲ್ಲ ಪ್ರವಾಸಿಗಳಂತೆ ಈ ಬುಗ್ಗೆಯನ್ನು ನೋಡುವುದಕ್ಕಾಗಿಯೇ ಅಲ್ಲಿಗೆ ಹೋದೆವು. ನೋಡಿ ಸಂತೋಷವನ್ನೂ ಪಟ್ಟೆವು. ಆದರೆ ಊರಿಗೆ ಹಿಂದಿರುಗಿದ ಮೇಲೆ, “ಅಲ್ಲಿ ಏನೇನು ಕಂಡಿರಿ?” ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಒಂದು ಗರಗಸದ ಮಾತು.

ರೋಟೊರುವಾದಿಂದ ದಕ್ಷಿಣಕ್ಕೆ, ಟೌಪೊ ಸರೋವರದ ದಾರಿಯನ್ನು ಹಿಡಿದು ಹೋದರೆ ದೂರದೂರದವರೆಗೆ ಕಾಡು ಕಾಣುವುದು. ನಮ್ಮ ಮಲೆನಾಡಿನ ಕಾಡನ್ನು ಕಂಡವನಿಗೆ ಅದು ಕಾಡೆಂದು ಮೊದಲು ತೋರುವುದೇ ಇಲ್ಲ. ಅಡಕೆಯ ತೋಟದಂತೆ ಸಾಲು ಹಿಡಿದು ನೆಟ್ಟ ಪೈನು ಮರಗಳು. ಒಂದೇ ಎತ್ತರ, ಒಂದೇ ಬಣ್ಣ. ರೇಡಿಯೇಟಾ ಪೈನು ಎಂದು ಅದರ ಹೆಸರು. ಆ ದೇಶದಲ್ಲಿ ನೆಟ್ಟು ಬೆಳೆಸಿದ ಕಾಡುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಪಾಲು ಈ ಒಂದೇ ಮರವು. ಇದರ ತೌರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಮಾಂಟೆರೆ ಎಂಬ ಕಡಲ ತೀರ. ಅದೇ ತೀರದಿಂದ ಬಂದ ಇನ್ನೊಂದು ಮರವುಂಟು. ಅದಕ್ಕೆ ಮ್ಯಾಕ್ರೊಕಾರ್ಪ ಎನ್ನುವರು. ಸುರಗಿಯಂತೆ ನಿಲ್ಲುವ ಸೈಪ್ರೆಸ್ ಮರದ ಬಳಗಕ್ಕೆ ಸೇರಿದ್ದಾದರೂ ಇದು ಕೊಂಬೆ ಚಾಚಿ ಹರಡಿಕೊಳ್ಳತಕ್ಕದ್ದು. ಗಾಳಿಯ ಹೊಡೆತದಿಂದ ದನಕುರಿಗಳಿಗೆ ಮರೆಯಾಗಲೆಂದು ಹಿಂದಿನ ಒಕ್ಕಲಿಗರು ಹೊಲಗಳ ಅಂಚಿನಲ್ಲೆಲ್ಲ ಇದನ್ನು ನೆಟ್ಟರು. ಇದರ ಸೊಪ್ಪನ್ನು ಗಬ್ಬದ ಹಸು ತಿಂದರೆ ಕಂದು ಹಾಕುವುದೆಂಬುದನ್ನು ಅನುಭವದಿಂದ ಕಲಿತ ಮೇಲೆ, ದನಗಳು ಅದರ ಬುಡಕ್ಕೆ ಹೋಗದಂತೆ ತಂತಿಯ ಬೇಲಿಯನ್ನು ಹಾಕಿದರು. ಎಷ್ಟೋ ಕಡೆ ಬೇಲಿಗೆ ಬೇರೆ ಕಂಬವನ್ನು ಹುಡುಕದೆ ಮರಕ್ಕೇ ತಂತಿಯನ್ನು ಬಡಿದರು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

೨೦೨೩ನೆಯ ಇಸವಿಯ ಫೆಬ್ರುವರಿ ತಿಂಗಳಿನಲ್ಲಿ ಗೇಬ್ರಿಯೆಲ್ ಎಂಬ ಚಂಡಮಾರುತವು ಉತ್ತರ ದ್ವೀಪವನ್ನು ಹೊಡೆಯಿತು. ಊರುಗಳು ಮುಳುಗಿದುವು, ಸೇತುವೆಗಳು ಕೊಚ್ಚಿಹೋದುವು, ಟೌಪೊ ಸರೋವರದ ಸುತ್ತಿನಲ್ಲಿ ಪೈನು ಕಾಡುಗಳು ಎಕರೆಗಟ್ಟಲೆ ಮಲಗಿದುವು. ನನ್ನ ಅಳಿಯನಿಗೆ ಪರಿಚಿತರಾದ ಒಬ್ಬ ಮುದುಕ ಒಕ್ಕಲಿಗರ ಹೊಲದ ಕೊರಕಲಿನಲ್ಲಿದ್ದ ದೊಡ್ಡ ಮ್ಯಾಕ್ರೊಕಾರ್ಪವೂ ಅದೇ ರಾತ್ರಿ ಬೇರು ಸಹಿತ ಉರುಳಿತು. ಅದನ್ನು ನೆಟ್ಟವರು ಅವರ ತಂದೆ. ಮರುವರ್ಷ ನಾವು ಹೋದಾಗ ಮರವು ಬಿದ್ದಲ್ಲಿಯೇ ಬಿದ್ದಿತ್ತು. ಸೌದೆಗೆ ಕೇಳಲು ಜನ ಬಂದಿದ್ದರಂತೆ; ಯಜಮಾನರು ಕೊಟ್ಟಿರಲಿಲ್ಲ. ಮೊಮ್ಮಗಳು ಮದುವೆಯಾಗಿ ಅದೇ ಹೊಲದ ಮೂಲೆಯಲ್ಲಿ ಪುಟ್ಟದೊಂದು ಮನೆಯನ್ನು ಕಟ್ಟಿಕೊಳ್ಳುವವಳಿದ್ದಳು. ಅದರ ಹೊರಗೋಡೆಯ ಹಲಗೆಗಳು ಮುತ್ತಜ್ಜನ ಮರದ್ದಾಗಬೇಕೆಂಬುದು ಅವರ ಆಸೆ. ಪೈನು ಮರಕ್ಕೆ ಔಷಧವನ್ನು ಕುಡಿಸದೆ ಹೊರಗಿನ ಕೆಲಸಕ್ಕೆ ಬಳಸುವಂತಿಲ್ಲ. ಮ್ಯಾಕ್ರೊಕಾರ್ಪದ ಚೇಗಾದರೋ ಹುಟ್ಟಿನಿಂದಲೇ ಬಾಳಿಕೆಯುಳ್ಳದ್ದು.

ಆದರೆ ಕೊಯ್ಯುವುದು ಹೇಗೆ? ಕೊರಕಲಿಗೆ ಲಾರಿ ಇಳಿಯುವಂತಿರಲಿಲ್ಲ. ದಿಮ್ಮಿಯನ್ನು ಎಳೆಸಿ ಮೇಲಕ್ಕೆ ತಂದು ಕಾರ್ಖಾನೆಗೆ ಸಾಗಿಸುವ ಖರ್ಚು ಮರದ ಬೆಲೆಯನ್ನೇ ಮೀರುತ್ತಿತ್ತು. ಆದಕಾರಣ ಗರಗಸವೇ ದಿಮ್ಮಿಯ ಬಳಿಗೆ ಬರಬೇಕಾಯಿತು. ಹೀಗೆ ಹೊತ್ತು ತರಬಹುದಾದ ಯಂತ್ರಗಳು ಮೂರು ಬಗೆಯವೆಂದು ಯಜಮಾನರು ನನಗೆ ವಿವರಿಸಿ ಹೇಳಿದರು.

ಮೊದಲನೆಯದು ಸರಪಳಿ ಗರಗಸಕ್ಕೆ ಒಂದು ಚೌಕಟ್ಟನ್ನು ಜೋಡಿಸಿದ್ದು. ಬೆಲೆ ಕಡಮೆ, ಒಬ್ಬನೇ ಹೊತ್ತುಕೊಂಡು ಹೋಗಬಹುದು. ಆದರೆ ಕೆಲಸವು ನಿಧಾನ. ಒಂದೊಂದು ಕೊಯ್ತಕ್ಕೂ ಸುಮಾರು ೧೦ ಮಿಲಿಮೀಟರು ಮರವು ಹೊಟ್ಟಾಗಿ ಹೋಗುವುದು. ಎರಡನೆಯದು ಪಟ್ಟಿಗರಗಸ. ಇದರ ಅಲಗು ತೆಳುವಾದ ಉಕ್ಕಿನ ಪಟ್ಟಿಯಾದುದರಿಂದ ಹೊಟ್ಟಾಗುವುದು ೨–೩ ಮಿಲಿಮೀಟರು ಮಾತ್ರ; ಅಗಲವಾದ ಹಲಗೆಗಳೂ ದೊರೆಯುವುವು. ಆದರೆ ದಿಮ್ಮಿಯನ್ನು ಎತ್ತಿ ಯಂತ್ರದ ಮೇಲಿಡಬೇಕು, ಮತ್ತೆ ಮತ್ತೆ ಹೊರಳಿಸಬೇಕು. ಮೂರನೆಯದೇ ಅಲಗು ಹೊರಳುವ ಚಕ್ರಗರಗಸ. ಅಲ್ಲಿನವರು ಸ್ವಿಂಗ್ ಬ್ಲೇಡ್ ಎನ್ನುವರು. ಇದರಲ್ಲಿ ಕೊಯ್ತಕ್ಕೆ ಸುಮಾರು ೫ ಮಿಲಿಮೀಟರು ನಷ್ಟ. ಅಂದರೆ ಅಂಗುಲ ದಪ್ಪದ ಐದು ಹಲಗೆಗಳನ್ನು ಕೊಯ್ಯುವಷ್ಟರಲ್ಲಿ ಒಂದು ಹಲಗೆಯಷ್ಟು ಮರವು ಹೊಟ್ಟಾಯಿತೆಂದು ಲೆಕ್ಕ. ಹಲಗೆಯ ಅಗಲವೂ ಅಲಗಿನ ಅಳತೆಯನ್ನು ಮೀರುವಂತಿಲ್ಲ. ಸಾಮಾನ್ಯವಾಗಿ ೬, ೮ ಅಥವಾ ೧೦ ಅಂಗುಲ. ಇಷ್ಟು ಕುಂದುಗಳಿದ್ದರೂ ದಿಮ್ಮಿಯನ್ನು ಅಲುಗಿಸಬೇಕಾದುದಿಲ್ಲವೆಂಬ ಒಂದೇ ಗುಣವು ಆ ಕೊರಕಲಿನಲ್ಲಿ ಉಳಿದೆಲ್ಲವನ್ನೂ ಗೆದ್ದಿತು. “ದಿಮ್ಮಿ ಎಷ್ಟು ದಪ್ಪ, ನೆಲ ಎಂಥದು, ಸಹಾಯಕ್ಕೆ ಎಷ್ಟು ಕೈಗಳಿವೆ: ಈ ಮೂರನ್ನೂ ಮೊದಲು ನೋಡಿರಿ, ಯಂತ್ರದ ಬೆಲೆಯನ್ನು ಆಮೇಲೆ ಕೇಳಿರಿ” ಎಂದು ಯಜಮಾನರು ಹೇಳಿದ ಮಾತು ಎಲ್ಲ ಬಗೆಯ ಕೊಳ್ಳುವಿಕೆಗೂ ಸಲ್ಲುವಂಥದೆಂದು ನನಗೆ ತೋರಿತು.

ಈ ಜಾತಿಯ ಗರಗಸವು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆ ಸೀಮೆಯಲ್ಲಿಯೇ ಬಳಕೆಗೆ ಬಂದಿತು. ಹೆಸರಾಂತ ಪೀಟರ್ಸನ್ ಯಂತ್ರವು ಹುಟ್ಟಿದ್ದು ರೋಟೊರುವಾದಲ್ಲಿ. ಲೂಕಾಸ್ ಯಂತ್ರವು ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನದಲ್ಲಿ. ದಾರಿಯಿಲ್ಲದ ಪೆಸಿಫಿಕ್ ದ್ವೀಪಗಳ ಹಳ್ಳಿಗಳಿಗೂ ಇಂಥ ಯಂತ್ರಗಳು ಬಿಡಿಬಿಡಿಯಾಗಿ ಹೆಗಲ ಮೇಲೆ ಹೋಗಿವೆ.

ನಿಶ್ಚಯವಾದ ದಿನ ಬೆಳಗ್ಗೆ ಗರಗಸದವರು ಬಂದರು. ಅವರು ಮಾವೊರಿ ಜನಾಂಗದ ಮಧ್ಯವಯಸ್ಕರು. ಜೊತೆಗೆ ಅವರ ಮಗನಿದ್ದನು. ತಂದೆಮಕ್ಕಳಿಬ್ಬರೂ ಯಂತ್ರದ ಭಾಗಗಳನ್ನು ಕೊರಕಲಿಗೆ ಇಳಿಸಿ, ದಿಮ್ಮಿಯ ಎರಡು ಪಕ್ಕಗಳಲ್ಲಿಯೂ ಎರಡು ಉದ್ದನೆಯ ಅಲ್ಯೂಮಿನಿಯಂ ಹಳಿಗಳನ್ನು ಹಿಡಿದು, ತುದಿಗಳಲ್ಲಿ ಕಾಲುಚೌಕಟ್ಟುಗಳನ್ನು ನಿಲ್ಲಿಸಿದರು. ಹಳಿಗಳ ಮೇಲೆ ಬಂಡಿಯಂತೆ ಓಡಾಡುವ ಪೀಠ. ಅದರ ಮೇಲೆ ಪೆಟ್ರೋಲಿನ ಇಂಜಿನು. ಅದಕ್ಕೆ ಸೇರಿದಂತೆ ಚಕ್ರಾಕಾರದ ಅಲಗು. ಅಲಗಿನ ಅಂಚಿನಲ್ಲಿ ಬೆರಳಲ್ಲಿ ಎಣಿಸಬಹುದಾದಷ್ಟೇ ಹಲ್ಲುಗಳು. ಅವುಗಳ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಕಡುಗಟ್ಟಿಯಾದ ವಸ್ತುವನ್ನು ಬೆಸೆದಿರುವರು. ಮೊಂಡಾದರೆ ಅಲಗನ್ನು ಕಳಚದೆ ಅಲ್ಲಿಯೇ ಪುಟ್ಟದೊಂದು ವಜ್ರದ ಸಾಣೆಯಿಂದ ಹರಿತಗೊಳಿಸುವರು.

ಹಳಿಗಳನ್ನು ಮಟ್ಟಮಾಡುವುದಕ್ಕೇ ಒಂದು ಗಂಟೆ ಹಿಡಿಯಿತು. ನನಗೆ ಬೇಸರವಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಹಳಿಯು ಕೂದಲೆಳೆಯಷ್ಟು ಸೊಟ್ಟಗಿದ್ದರೆ ಹಲಗೆಗಳೆಲ್ಲವೂ ಸೊಟ್ಟಗಾಗುವುವೆಂದು ಮಗನು ಹೇಳಿದನು. ದಿಮ್ಮಿಯ ಸಣ್ಣ ತುದಿಯನ್ನು ಬೆಣೆಯಿಟ್ಟು ತುಸು ಎತ್ತಿ, ಒಳಗಿನ ತಿರುಳು ಹಳಿಗೆ ಸಮಾನಾಂತರವಾಗಿರುವಂತೆ ಮಾಡಿದರು.

ಇನ್ನು ಅಲಗನ್ನು ತಿರುಗಿಸುವುದಷ್ಟೇ ಉಳಿಯಿತೆನ್ನುವಾಗ, ಗರಗಸದವರು ಕೋಲಿನಂಥ ಒಂದು ಉಪಕರಣವನ್ನು ತೆಗೆದು ದಿಮ್ಮಿಯ ಮೈಮೇಲೆಲ್ಲ ಮೆಲ್ಲಗೆ ಆಡಿಸಿದರು. ಬುಡದ ಕಡೆಯಲ್ಲಿ ಅದು ಕೀರಲು ದನಿಯನ್ನು ಮಾಡಿತು. ಒಳಗೆ ಕಬ್ಬಿಣವುಂಟೆಂದು ಅದರ ಅರ್ಥ. ಸ್ವಲ್ಪ ಕೆತ್ತಿ ನೋಡಿದರು. ಕೈಯುದ್ದ ಒಳಕ್ಕೆ ಹೋದರೂ ದನಿಯು ನಿಲ್ಲಲಿಲ್ಲ. ಓಡುವ ಅಲಗಿಗೆ ಕಬ್ಬಿಣವು ತಾಕಿದರೆ ಹಲ್ಲು ಮುರಿದು ಗುಂಡಿನಂತೆ ಹಾರಬಹುದು. “ಬುಡದ ನಾಲ್ಕಡಿ ಬಿಟ್ಟುಬಿಡೋಣ” ಎಂದರು.

ಯಜಮಾನರ ಮುಖವು ಕಂದಿತು. ಅತ್ಯಂತ ಅಗಲವಾದ, ಅತ್ಯಂತ ಚೇಗಿನ ಭಾಗವದು. “ನಿಧಾನವಾಗಿ ಕೊಯ್ದರೆ ಆಗದೆ?” ಎಂದು ಕೇಳಿದರು. “ಎದುರಿಗೆ ನಿಲ್ಲುವವನು ನನ್ನ ಮಗ” ಎಂದು ಗರಗಸದವರು ಹೇಳಿದರು. ಅದಕ್ಕೆ ಮಾತಿಲ್ಲದಾಯಿತು. ಬಹಳ ಹೊತ್ತು ಸುಮ್ಮನಿದ್ದು ಯಜಮಾನರು ನನ್ನ ಕಡೆಗೆ ತಿರುಗಿ, “ಆ ಬೇಲಿಯ ಮೊಳೆ ಹೊಡೆದವನು ನಾನೇ. ಆಗ ನನಗೆ ಹತ್ತು ವರ್ಷ. ಕಂಬ ನೆಡು ಎಂದು ಅಪ್ಪ ಹೇಳಿದ್ದರು, ನಾನು ಆಟಕ್ಕೆ ಹೋಗುವ ಆತುರದಲ್ಲಿ ಮರಕ್ಕೇ ಬಡಿದೆ” ಎಂದರು. ಮರವು ತಂತಿಯನ್ನೂ ಮೊಳೆಯನ್ನೂ ಒಳಗೆ ನುಂಗಿಕೊಂಡು ಬೆಳೆದಿತ್ತು. ಬುಡದ ನಾಲ್ಕಡಿಯನ್ನು ಬೇರೆಯಾಗಿ ತುಂಡರಿಸಿ ಪಕ್ಕಕ್ಕೆ ಉರುಳಿಸಿದರು.

ಆಮೇಲೆ ಕೊಯ್ತವು ಆರಂಭವಾಯಿತು. ಎಲ್ಲರೂ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡೆವು. ಅಲಗಿನ ನೇರದಲ್ಲಿ ಯಾರೂ ನಿಲ್ಲಕೂಡದೆಂದು ನಮಗೆ ಕಟ್ಟಪ್ಪಣೆಯಾಯಿತು. ಗರಗಸದವರು ಪೀಠವನ್ನು ಕೈಯಿಂದ ನೂಕುತ್ತ ದಿಮ್ಮಿಯುದ್ದಕ್ಕೂ ನಡೆದರು. ಆಗ ಅಲಗು ಅಡ್ಡವಾಗಿ ಮಲಗಿದ್ದಿತು. ತುದಿಯನ್ನು ಮುಟ್ಟಿದೊಡನೆ ಹಿಡಿಯೊಂದನ್ನು ಎಳೆಯಲು ಅಲಗು ಹೊರಳಿ ನೆಟ್ಟಗೆ ನಿಂತಿತು. ಅದೇ ಗೆರೆಯಲ್ಲಿ ಹಿಂದಕ್ಕೆ ಬಂದರು. ಅಡ್ಡಗೆರೆಯೂ ನಿಲುಗೆರೆಯೂ ಕೂಡಿದಲ್ಲಿ ಚೌಕವಾದ ಹಲಗೆಯೊಂದು, ಹಲಸಿನ ತೊಳೆ ಬಿಡಿಸಿದಂತೆ, ದಿಮ್ಮಿಯಿಂದ ಬಿಟ್ಟುಕೊಂಡಿತು. ಹೊಂಬಣ್ಣದ ಮರ, ನಿಂಬೆಯನ್ನೂ ಮಸಾಲೆಯನ್ನೂ ಕೂಡಿಸಿದಂಥ ಪರಿಮಳವು ಕೊರಕಲನ್ನೆಲ್ಲ ತುಂಬಿತು. ದಿಮ್ಮಿಯನ್ನು ಹೊರಳಿಸದೆಯೇ ಹಲಗೆಯನ್ನು ಅಡ್ಡಲಾಗಿಯೂ ತೆಗೆಯಬಹುದು, ನೆಟ್ಟಗೂ ತೆಗೆಯಬಹುದು. ಆದುದರಿಂದ ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ಯುವುದೂ ಸುಲಭ. ಅಂಥ ಹಲಗೆಯು ಒಣಗುವಾಗ ಬಾಗುವುದು ಕಡಮೆ.

ಮಧ್ಯಾಹ್ನದ ಹೊತ್ತಿಗೆ ಒಂದು ಹಲಗೆಯು ಬಿಲ್ಲಿನಂತೆ ತುದಿಯೆತ್ತಿತು. ಗಾಳಿಗೆ ವಾಲಿ ಬೆಳೆದ ಮರದೊಳಗೆ ಬಿಗಿತವು ಅಡಗಿರುವುದೆಂದೂ, ಕೊಯ್ದಂತೆಲ್ಲ ಅದು ಬಿಚ್ಚಿಕೊಳ್ಳುವುದೆಂದೂ ತಿಳಿಸಿದರು. ಇಂಜಿನನ್ನು ನಿಲ್ಲಿಸಿ, ಬೆಣೆಯನ್ನು ಹೊಡೆದು, ಮೇಲ್ಮೈಯನ್ನು ತೆಳುವಾದ ಒಂದು ಕೊಯ್ತದಿಂದ ಮಟ್ಟಮಾಡಿ ಮುಂದುವರಿದರು. ಹೆಚ್ಚು ಹಲಗೆ ಬೇಕೆಂಬ ಆತುರದಲ್ಲಿ ಈ ಒಂದು ಕೊಯ್ತವನ್ನು ಉಳಿಸಹೋದವನು ಮುಂದಿನ ಹತ್ತು ಹಲಗೆಗಳನ್ನು ಕೆಡಿಸುವನಂತೆ.

ಸಂಜೆಗೆ ಹಲಗೆಗಳನ್ನೆಲ್ಲ ಮೇಲಕ್ಕೆ ಹೊತ್ತೆವು. ನಾನೂ ಎರಡನ್ನು ಹೊತ್ತೆನು. ಹಲಗೆಯ ಕೊನೆಗಳಿಗೆ ಬಣ್ಣವನ್ನು ಬಳಿದು, ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ಅಡಿಗೊಂದರಂತೆ ರೀಪುಗಳನ್ನಿಟ್ಟು, ಗಾಳಿಯಾಡುವಂತೆ ಒಟ್ಟಿ, ಮೇಲೆ ತಗಡನ್ನು ಮುಚ್ಚಿ ಭಾರವನ್ನಿಟ್ಟರು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ನೆರಳಲ್ಲಿ ಒಣಗಿಸುವವರ ಹಳೆಯ ಲೆಕ್ಕ.

ಅಂದು ರಾತ್ರಿ ನನಗೆ ನಮ್ಮ ತೀರ್ಥಹಳ್ಳಿಯ ಕಡೆಯ ಮನೆಯ ನೆನಪಾಯಿತು. ನಾನು ಹುಡುಗನಾಗಿದ್ದಾಗ ನಮ್ಮಲ್ಲಿಯೂ ಗರಗಸವೇ ದಿಮ್ಮಿಯ ಬಳಿಗೆ ಬರುತ್ತಿತ್ತು. ಕೊಯ್ಯುವವರು ಇಬ್ಬರು ಬಂದು, ಗುಂಡಿಯನ್ನು ತೋಡಿ, ಅದರ ಮೇಲೆ ದಿಮ್ಮಿಯನ್ನಿಟ್ಟು, ಒಬ್ಬನು ಮೇಲೆಯೂ ಇನ್ನೊಬ್ಬನು ಕೆಳಗೂ ನಿಂತು ದಿನವಿಡೀ ಎಳೆಯುವರು. ಕೆಳಗಿನವನ ತಲೆ, ರೆಪ್ಪೆ, ಮೀಸೆಯೆಲ್ಲ ಹೊಟ್ಟಿನಿಂದ ಬೆಳ್ಳಗಾಗಿರುತ್ತಿತ್ತು. ನಮ್ಮ ಮನೆಯ ಜಂತೆಗಳೆಲ್ಲವೂ ಹಾಗೆ ಕೊಯ್ದವು. ಅವರು ಬರುವುದು ನಿಂತ ಮೇಲೆ, ಕೆಲವು ವರ್ಷಗಳ ಹಿಂದೆ, ಅಂಗಳದ ಮಾವಿನ ಮರವು ಮಳೆಗಾಲದಲ್ಲಿ ಬಿದ್ದಿತು. ಸಾಮಿಲ್ಲಿಗೆ ಸಾಗಿಸುವ ಖರ್ಚಿಗೆ ಹೆದರಿ ನಾನು ಅದನ್ನು ಸೌದೆಯ ಬೆಲೆಗೆ ಮಾರಿಬಿಟ್ಟೆನು. ನಮ್ಮ ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಮರವಿದ್ದ ಕಡೆಗೆ ಬೆನ್ನು ಮಾಡಿ ಕುಳಿತಿದ್ದರು.

ಹಾಗೆಂದು ಇಂಥ ಯಂತ್ರವನ್ನು ನಮ್ಮ ಹಳ್ಳಿಗಳಿಗೆಲ್ಲ ತಂದುಬಿಡಬೇಕೆಂದು ನಾನು ಹೇಳಲಾರೆ. ೧೯೭೬ರ ವೃಕ್ಷ ಸಂರಕ್ಷಣೆಯ ಕಾಯಿದೆಯಿಂದಲೂ, ೧೯೯೬ರಿಂದೀಚೆಗೆ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆಗಳಿಂದಲೂ ಮರ ಕಡಿಯುವುದಕ್ಕೂ ಕೊಯ್ಯುವ ಕಾರ್ಖಾನೆಗಳಿಗೂ ನಮ್ಮಲ್ಲಿ ಕಟ್ಟುಪಾಡುಗಳುಂಟು. ಹೆಗಲ ಮೇಲೆ ಹೋಗಬಲ್ಲ ಗರಗಸವು ಅಪ್ಪಣೆಯಿಲ್ಲದೆ ಕಾಡಿಗೂ ಹೋಗಬಲ್ಲದೆಂಬುದನ್ನು ಮರೆಯಬಾರದು. ನ್ಯೂಜೀಲೆಂಡಿನಲ್ಲಿಯೂ ಆ ನೆಲದ ಹುಟ್ಟುಮರಗಳನ್ನು ಮನಬಂದಂತೆ ಕೊಯ್ಯುವಂತಿಲ್ಲ. ೧೯೪೯ರ ಅರಣ್ಯ ಕಾಯಿದೆಗೆ ೧೯೯೩ರಲ್ಲಿ ಮಾಡಿದ ತಿದ್ದುಪಡಿಯು ಅದನ್ನು ಬಿಗಿಮಾಡಿದೆ. ಆದರೆ ನೆಟ್ಟು ಬೆಳೆಸಿದ ಮರವೊಂದು ತಾನಾಗಿ ಬಿದ್ದಾಗ, ಅಪ್ಪಣೆಯನ್ನು ಪಡೆದು, ಒಲೆಗೆ ಹಾಕುವ ಮೊದಲು ಒಂದು ದಿನ ಯೋಚಿಸುವುದಕ್ಕೆ ಯಾವ ಕಾಯಿದೆಯೂ ಅಡ್ಡಬರಲಾರದು. ನಾನು ಆ ಒಂದು ದಿನವನ್ನು ಯೋಚಿಸಲಿಲ್ಲ.

ಹೊರಡುವ ಮುನ್ನ ಯಜಮಾನರನ್ನು ಕಂಡುಬರಲು ಹೋದೆವು. ಬುಡದ ಆ ನಾಲ್ಕಡಿ ತುಂಡನ್ನು ಹೊಸ ಮನೆಯ ಬಾಗಿಲು ಬರತಕ್ಕ ಜಾಗದ ಪಕ್ಕಕ್ಕೆ ಸಾಗಿಸಿ, ಮೇಲುಭಾಗವನ್ನು ಕೈಯುಳಿಯಿಂದ ಸಮಮಾಡಿದ್ದರು. ಮೊಮ್ಮಗಳು ಅದರ ಮೇಲೆ ಕುಳಿತು ಚಹ ಕುಡಿಯುತ್ತಿದ್ದಳು. ನಮಗೂ ಅಲ್ಲಿಯೇ ಸ್ಥಳ ಮಾಡಿಕೊಟ್ಟರು. ಮೊಳೆಯು ಇನ್ನೂ ಅದರೊಳಗೇ ಇದೆ.