ಮಗು ಮುಂದೆ, ಶಿಕ್ಷಕಿ ಹಿಂದೆ

ಮಗುವೇ ಮುನ್ನಡೆಸುವ ಶಿಶುಶಿಕ್ಷಣ ಎಂದರೆ, ಏನನ್ನು ಎಷ್ಟು ಹೊತ್ತು ಮಾಡಬೇಕೆಂಬ ಆಯ್ಕೆಯನ್ನು ಮಗುವಿಗೇ ಬಿಟ್ಟು, ಸುತ್ತಲಿನ ಪರಿಸರವನ್ನು ಅಣಿಗೊಳಿಸುವ ಹಾಗೂ ತಾಳ್ಮೆಯಿಂದ ಗಮನಿಸುವ ಹೊಣೆಯನ್ನು ಶಿಕ್ಷಕಿ ಹೊರುವ ಕ್ರಮ. ಇದೇ ಹಾದಿಯಲ್ಲಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ 'ಮಕ್ಕಳ ಮನೆ'ಯನ್ನು ತೆರೆದ ಮರಿಯಾ ಮಾಂಟೆಸ್ಸರಿ, 1939ರಲ್ಲಿ ಭಾರತಕ್ಕೆ ಬಂದು, ಎರಡನೇ ಮಹಾಯುದ್ಧದ ಕಾಲವನ್ನು ಇಲ್ಲಿಯೇ ಕಳೆದು, ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು.

ಸಾತನೂರಿನಂಥ ಸಣ್ಣ ಊರಿಗೆ ಈ ಕ್ರಮ ದುಬಾರಿ ಶಾಲೆಗಳ ಸೊತ್ತೆಂದು ತೋರಬಹುದಾದರೂ, ಅದಕ್ಕೆ ಬೇಕಾದ ಸಾಮಗ್ರಿ ನೆರೆಯ ಚನ್ನಪಟ್ಟಣದಲ್ಲೇ ತಯಾರಾಗುತ್ತದೆ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಬಳೆಗಳನ್ನು ಗೂಟಕ್ಕೆ ಪೋಣಿಸುವ ಆಟಿಕೆಯಲ್ಲಿ, ಚಿಕ್ಕ ಬಳೆಯ ಮೇಲೆ ದೊಡ್ಡದು ಕೂತರೆ ಗೋಪುರ ಅಂಕುಡೊಂಕಾಗುತ್ತದೆ. ಮಗು ಅದನ್ನು ತಾನೇ ಕಂಡು, ಬಿಚ್ಚಿ, ಮತ್ತೆ ಜೋಡಿಸುತ್ತದೆ. ತಪ್ಪನ್ನು ಸಾಮಗ್ರಿಯೇ ತೋರಿಸಿಕೊಡುವ ಈ ಗುಣವೇ 'ಸ್ವಯಂ ತಿದ್ದುಪಡಿ'. ಆ ಹೊತ್ತಿನಲ್ಲಿ ದೊಡ್ಡವರು ಕೈಹಾಕದೆ ಸುಮ್ಮನಿರುವುದು, ನಿಜಕ್ಕೂ, ಪಾಠ ಹೇಳುವುದಕ್ಕಿಂತ ಕಷ್ಟದ ಕೆಲಸ.

ಇಂಥ ಕಲಿಕೆಗೆ ಅಂಗನವಾಡಿಯಲ್ಲೂ ಅವಕಾಶವಿದೆ: 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳ ಕೆಲಸಗಳಲ್ಲಿ ಪೂರಕ ಪೌಷ್ಟಿಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಸೇರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕ ಕಲಿಕೆಯನ್ನೇ ಒಪ್ಪಿದೆ. ಆದ್ದರಿಂದ ಮೂರು ವರ್ಷದ ಮಗುವಿನ ಕೈಗೆ ಸ್ಲೇಟು ಕೊಟ್ಟು ಅಕ್ಷರ ತಿದ್ದಿಸಲೇಬೇಕೆಂದು ಪೋಷಕರು ದಯವಿಟ್ಟು ಅಂಗನವಾಡಿ ಕಾರ್ಯಕರ್ತೆಯರನ್ನು ಒತ್ತಾಯಿಸದಿರಲಿ.