ಗ್ವಾಂಗ್‌ಝೌ ಗೋರಿಯ ಜೇಡ್ ಡ್ರ್ಯಾಗನ್

ಡ್ರ್ಯಾಗನ್ ಎಂದೊಡನೆ ನಮಗೆ ನೆನಪಾಗುವುದು ಇಗರ್ಜಿಯ ಚಿತ್ರಪಟದಲ್ಲಿ ಸಂತ ಜಾರ್ಜರ ಈಟಿಗೆ ಸಿಕ್ಕಿ ಬಿದ್ದಿರುವ ಘಟಸರ್ಪ. ಚೀನೀಯರಿಗೆ ಹಾಗಲ್ಲ. ಅವರ ಪಾಲಿಗೆ ಅದು ಮಳೆ ತರುವ, ಅರಸನ ಘನತೆಯನ್ನು ಸಾರುವ ಮಂಗಳಕರ ಜೀವಿ. ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದಲ್ಲಿರುವ ನಾನ್ಯುವೆ ಅರಸರ ವಸ್ತುಸಂಗ್ರಹಾಲಯವನ್ನು ನೋಡಿದಾಗ ಈ ವ್ಯತ್ಯಾಸ ನನಗೆ ಚೆನ್ನಾಗಿ ಮನದಟ್ಟಾಯಿತು.

1983ರಲ್ಲಿ ಇಲ್ಲಿನ ಗುಡ್ಡವೊಂದನ್ನು ಕಟ್ಟಡಕ್ಕಾಗಿ ಅಗೆಯುತ್ತಿದ್ದಾಗ ದೊಡ್ಡ ಕಲ್ಲುಚಪ್ಪಡಿಗಳು ಕಾಣಿಸಿಕೊಂಡವು. ಅದು ಕ್ರಿ.ಪೂ. 122ರ ಸುಮಾರಿಗೆ ತೀರಿಕೊಂಡ ನಾನ್ಯುವೆಯ ಎರಡನೆಯ ಅರಸ ಝಾವೊ ಮೊ ಎಂಬಾತನ ಗೋರಿ. ಎರಡು ಸಾವಿರ ವರ್ಷ ಅದು ಕಳ್ಳರ ಕಣ್ಣಿಗೆ ಬಿದ್ದಿರಲಿಲ್ಲ. ಕೆಂಪು ಮರಳುಗಲ್ಲಿನ ಏಳು ಕೋಣೆಗಳೊಳಗೆ ಈಗ ನಾವೂ ಇಳಿದು ನೋಡಬಹುದು.

ಅಲ್ಲಿ ಸಿಕ್ಕಿದ ಜೇಡ್ ಒಡವೆಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಪದಕ. ಅಡ್ಡಳತೆ 10.6 ಸೆಂಟಿಮೀಟರ್; ಅಂಗೈ ತುಂಬುವಷ್ಟೇ. ಒಳಗಿನ ಬಳೆಯಲ್ಲಿ ಡ್ರ್ಯಾಗನ್. ಅದು ಹೊರಗಿನ ಬಳೆಗೆ ಚಾಚಿದ ಪಂಜದ ಮೇಲೆ ಫೀನಿಕ್ಸ್ ಹಕ್ಕಿ ನಿಂತು, ಕತ್ತು ಹೊರಳಿಸಿ ಅದನ್ನೇ ನೋಡುತ್ತಿದೆ. ಸಂಗ್ರಹಾಲಯದ ಲಾಂಛನವೂ ಇದೇ.

ಜೇಡ್ ಮರದಂತೆ ಕೆತ್ತಿಸಿಕೊಳ್ಳುವ ವಸ್ತುವಲ್ಲ, ಬಹಳ ಗಟ್ಟಿ. ಗಟ್ಟಿ ಮರಳಿಗೆ ನೀರು ಬೆರೆಸಿ, ಗಂಧ ತೇದಂತೆ ದಿನಗಟ್ಟಲೆ ತೇಯಬೇಕು. ಡ್ರ್ಯಾಗನ್ನಿನ ಸುತ್ತ ಕಾಣುವ ಒಂದೊಂದು ಕಿಂಡಿಯೂ ಹೀಗೆ ಕೊರೆದದ್ದು. ಅದಕ್ಕೆಷ್ಟು ತಾಳ್ಮೆ ಬೇಕಾಗಿತ್ತೋ!

ಜೇಡ್ ಶರೀರವನ್ನು ಕೊಳೆಯದಂತೆ ಕಾಪಾಡುತ್ತದೆ ಎಂದು ಆ ಕಾಲದವರು ನಂಬಿದ್ದರು. ಆದ್ದರಿಂದಲೇ 2,291 ಜೇಡ್ ತುಣುಕುಗಳನ್ನು ರೇಷ್ಮೆ ದಾರದಿಂದ ಜೋಡಿಸಿದ ಅಂಗಿಯನ್ನು ಅರಸನಿಗೆ ತೊಡಿಸಿದ್ದರು. ತೆರೆದು ನೋಡಿದಾಗ ಜೇಡ್ ಉಳಿದಿತ್ತು, ಶರೀರ ಬಹುಮಟ್ಟಿಗೆ ಮಣ್ಣಾಗಿತ್ತು.

ಇಷ್ಟೇ ಆಗಿದ್ದರೆ ಬೆರಗಿನಿಂದಲೇ ಹೊರಬರುತ್ತಿದ್ದೆ. ಆದರೆ ಅರಸನ ಜೊತೆಗೆ 15 ಮಂದಿಯನ್ನು ಬಲಿಕೊಟ್ಟು ಅದೇ ಗೋರಿಯಲ್ಲಿ ಇಟ್ಟಿದ್ದರು: ಉಪಪತ್ನಿಯರು, ಸೇವಕರು, ಕಾವಲುಗಾರರು. ಪರಲೋಕದಲ್ಲೂ ಆತನ ಸೇವೆಗೆ ಜನ ಬೇಕಿತ್ತಂತೆ.

ಹಿಂದಿರುಗುವ ಮುನ್ನ ಆ ಪದಕವನ್ನು ಮತ್ತೊಮ್ಮೆ ನೋಡಿದೆ. ಅದರ ಚೆಲುವು ಕಡಿಮೆಯಾಗಿರಲಿಲ್ಲ. ಆದರೆ ಈ ಸಲ ನನ್ನ ಮನಸ್ಸು ಅರಸನ ಬಳಿಗೆ ಹೋಗಲಿಲ್ಲ. ಕಲ್ಲು ತೇದು ಸವೆದ ಕೈಗಳನ್ನೂ ಆ 15 ಮಂದಿಯ ಮನೆಯವರನ್ನೂ ನೆನೆಯಿತು. ಪ್ರಿಯ ಓದುಗರೇ, ಹಳೆಯ ವೈಭವವನ್ನು ನೋಡಲು ಹೋದಾಗ ಅದರ ಬೆಲೆ ತೆತ್ತವರು ಯಾರೆಂದು ಒಮ್ಮೆ ಕೇಳಿಕೊಳ್ಳೋಣ.